ದೂರದ ಸಹವೀಕ್ಷಣೆ ಮತ್ತು ಬಳಕೆದಾರ ಅಧ್ಯಯನ: ಜಾನಪದ ನೆಲೆಯ ಒಂದು ವಿಮರ್ಶೆ

ನೋಡುವುದು ಜನಪದರಲ್ಲಿ ಬಹುಮಟ್ಟಿಗೆ ಸಾಮುದಾಯಿಕ ಕ್ರಿಯೆಯಾಗಿತ್ತು. ಬಯಲಾಟ, ತೊಗಲುಗೊಂಬೆಯಾಟಗಳಿಂದ ಹಿಡಿದು ಓಣಿಗೊಂದೇ ದೂರದರ್ಶನ ಪೆಟ್ಟಿಗೆಯಿದ್ದ ದಿನಗಳವರೆಗೂ ನೋಡುಗನು ಒಂಟಿಯಾಗಿದ್ದುದು ಕಡಿಮೆ. ಬೇರೆಬೇರೆ ಊರುಗಳಲ್ಲಿರುವವರು ಒಂದೇ ಚಿತ್ರವನ್ನು ಏಕಕಾಲದಲ್ಲಿ ನೋಡುತ್ತ ಮಾತನಾಡಿಕೊಳ್ಳಲು ಅನುವು ಮಾಡಿಕೊಡುವ ಆ್ಯಪ್‌ಗಳು ಈ ಕ್ರಿಯೆಯನ್ನು ಅಂತರ್ಜಾಲದಲ್ಲಿ ಮರಳಿ ಕಟ್ಟುವ ಪ್ರಯತ್ನಗಳಾಗಿವೆ. ಇವುಗಳ ರೂಪವನ್ನು ತಿದ್ದಲು ತಯಾರಕರು ಅನುಸರಿಸುವ ವಿಧಾನಕ್ಕೆ ‘ಬಳಕೆದಾರ ಅಧ್ಯಯನ’ ಎಂದು ಹೆಸರು. ಈ ವಿಧಾನವು ಯಾರನ್ನು ಬಳಕೆದಾರರೆಂದು ಎಣಿಸುತ್ತದೆ, ಯಾರನ್ನು ಹೊರಗಿಡುತ್ತದೆ ಎಂಬುದನ್ನು ಜಾನಪದ ಅಧ್ಯಯನದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಕ್ಷೇತ್ರದಲ್ಲಿ ಗಂಭೀರ ಸಂಶೋಧನೆ ನಡೆದೇ ಇಲ್ಲವೆನ್ನಲಾಗದು. ಅಮೆರಿಕದ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದ ವಿದ್ವಾಂಸರು 2006ರಲ್ಲಿ ಪ್ರಕಟಿಸಿದ ಅಧ್ಯಯನವು ಒಟ್ಟಿಗೆ ಕುಳಿತು ದೂರದರ್ಶನ ನೋಡುವವರನ್ನೂ ಬೇರೆಬೇರೆ ಕೋಣೆಗಳಲ್ಲಿ ಕುಳಿತು ಧ್ವನಿಯ ಮೂಲಕ ಬೆಸೆದುಕೊಂಡವರನ್ನೂ ಗಮನಿಸಿತು. ನೋಡುಗರ ಮಾತು ಕಾರ್ಯಕ್ರಮದ ಓಟಕ್ಕೆ ಹೊಂದಿಕೊಂಡು ಏಳುತ್ತದೆ, ಬೀಳುತ್ತದೆ ಎಂಬುದು ಅದು ಕಂಡುಕೊಂಡ ಮುಖ್ಯ ಸಂಗತಿ. 2011ರಲ್ಲಿ ಡೇವಿಡ್ ಗೀರ್ಟ್ಸ್ ಮತ್ತು ಸಂಗಡಿಗರು ಏಕಕಾಲಿಕತೆಯನ್ನು ಪರೀಕ್ಷಿಸಿದರು. ಎರಡು ಪರದೆಗಳ ನಡುವಣ ವ್ಯತ್ಯಾಸವು 1 ಸೆಕೆಂಡಿನೊಳಗಿದ್ದರೆ ಅದು ಗಮನಕ್ಕೆ ಬಾರದಿರಬಹುದು, ವ್ಯತ್ಯಾಸ ಹಿಗ್ಗಿದಂತೆ ಮಾತಿನಲ್ಲಿ ತೊಡಗಿದವರಿಗೆ ಕಿರಿಕಿರಿಯಾಗುತ್ತದೆ ಎಂಬ ನಿರ್ಣಯಕ್ಕೆ ಅವರು ಬಂದರು. ಒಬ್ಬರು ನಕ್ಕ ಮೇಲೆ ಇನ್ನೊಬ್ಬರಿಗೆ ನಗೆಯ ದೃಶ್ಯ ಬಂದರೆ ಕೂಟವು ಒಡೆಯುತ್ತದೆ ಎಂಬುದು ಇದರ ತಾತ್ಪರ್ಯ.

ಆದರೆ ಮಾರುಕಟ್ಟೆಗೆ ಬಂದ ಆ್ಯಪ್‌ಗಳು ಈ ಅರಿವಿನಲ್ಲಿ ಎಷ್ಟನ್ನು ಉಳಿಸಿಕೊಂಡವು? 2020ರ ಕೊರೊನಾ ಕಾಲದಲ್ಲಿ ‘ನೆಟ್‌ಫ್ಲಿಕ್ಸ್ ಪಾರ್ಟಿ’ ಜನಪ್ರಿಯವಾಯಿತು. ಅದೇ ವರ್ಷ ಅದು ‘ಟೆಲಿಪಾರ್ಟಿ’ ಎಂಬ ಹೆಸರು ಪಡೆಯಿತು. ಅದೇ ಅವಧಿಯಲ್ಲಿ ಅಮೆಜಾನ್ ಮತ್ತು ಡಿಸ್ನಿ ಸಂಸ್ಥೆಗಳು ತಮ್ಮದೇ ಸಹವೀಕ್ಷಣೆಯ ವ್ಯವಸ್ಥೆಗಳನ್ನು ತಂದವು. ಡಿಸ್ನಿಯ ‘ಗ್ರೂಪ್‌ವಾಚ್’ನಲ್ಲಿ ಒಟ್ಟು 7 ಮಂದಿ ಸೇರಬಹುದಿತ್ತು. ಅಲ್ಲಿ ಮಾತಿಗಾಗಲೀ ಬರಹಕ್ಕಾಗಲೀ ಎಡೆಯಿರಲಿಲ್ಲ, ಪ್ರತಿಕ್ರಿಯೆಗೆ ಕೆಲವೇ ಇಮೋಜಿಗಳಿದ್ದವು. ಇದು 2023ರಲ್ಲಿಯೂ ಅಮೆಜಾನ್‌ನ ವ್ಯವಸ್ಥೆಯು 2024ರಲ್ಲಿಯೂ ನಿಂತುಹೋದವು. ಪರದೆಗಳ ಏಕಕಾಲಿಕತೆಯನ್ನು ಇವು ಸಾಧಿಸಿದ್ದವು; ನೆರವಿಯನ್ನು ಮಾತ್ರ ಸದಸ್ಯತ್ವದ ಲೆಕ್ಕದಲ್ಲಿ ಅಳೆದವು.

ಬಯಲಾಟದ ಪ್ರೇಕ್ಷಕವರ್ಗವನ್ನು ಇದರೊಡನೆ ಹೋಲಿಸಿ ನೋಡಬಹುದು. ಇಡೀ ರಾತ್ರಿಯ ಆಟದಲ್ಲಿ ಎಲ್ಲರೂ ಎಲ್ಲವನ್ನೂ ನೋಡುವುದಿಲ್ಲ. ಮಕ್ಕಳು ರಂಗಸ್ಥಳದ ಮುಂದೆಯೇ ನಿದ್ದೆ ಹೋಗುತ್ತಾರೆ. ಮೆಚ್ಚಿನ ವೇಷ ಬಂದಾಗ ಎಬ್ಬಿಸುವಂತೆ ಪಕ್ಕದವರಿಗೆ ಹೇಳಿ ಚಾಪೆಯ ಮೇಲೆ ಒರಗುವವರಿದ್ದಾರೆ. ಚಹಾದಂಗಡಿಗೆ ಹೋಗಿ ಬಂದವರಿಗೆ ನಡೆದ ಕಥೆಯನ್ನು ಒಪ್ಪಿಸುವವರಿದ್ದಾರೆ. ಮೊಮ್ಮಗುವಿಗೆ ಪಾತ್ರದ ಪರಿಚಯ ಮಾಡಿಕೊಡುವ ಅಜ್ಜಿಯರಿದ್ದಾರೆ. ಕಥೆ ಬಹುತೇಕರಿಗೆ ಮೊದಲೇ ಗೊತ್ತಿರುತ್ತದೆ. ಇಲ್ಲಿ ಗಮನವು ಹಂಚಿಹೋಗುವುದು ಕೊರತೆಯಲ್ಲ, ಅದೇ ಕೂಟದ ಲಕ್ಷಣ. ಜಾನಪದವನ್ನು ಸಣ್ಣ ಗುಂಪುಗಳೊಳಗಿನ ಕಲಾತ್ಮಕ ಸಂವಹನವೆಂದು ಡಾನ್ ಬೆನ್-ಆಮೋಸ್ 1971ರಲ್ಲಿ ವ್ಯಾಖ್ಯಾನಿಸಿದಾಗ ಒತ್ತು ಬಿದ್ದದ್ದು ಈ ಬಗೆಯ ಒಡನಾಟದ ಮೇಲೆಯೇ. ನಿದ್ದೆ ಹೋದವನನ್ನು ಸಹವೀಕ್ಷಣೆಯ ಆ್ಯಪ್ ಗೈರುಹಾಜರಿ ಎಂದು ಬಗೆಯುತ್ತದೆ, ಆಟದ ಬಯಲು ಹಾಗೆ ಬಗೆಯುವುದಿಲ್ಲ.

ಈ ವ್ಯತ್ಯಾಸದ ಪರಿಣಾಮ ಸಣ್ಣದಲ್ಲ. ಮಗ ಕೊಲ್ಲಿ ರಾಷ್ಟ್ರದಲ್ಲೋ ಅಮೆರಿಕದಲ್ಲೋ ಇದ್ದು, ತಾಯಿ ಊರಿನಲ್ಲಿರುವ ಕನ್ನಡ ಕುಟುಂಬಗಳು ಇಂದು ಸಾಮಾನ್ಯ. ದೂರದ ಸಹವೀಕ್ಷಣೆಯ ಅಗತ್ಯ ನಿಜವಾಗಿ ಇರುವುದು ಇಂಥಲ್ಲಿ. ಆದರೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಸದಸ್ಯತ್ವ ಬೇಕೆಂಬ ನಿಯಮ, ಬರಹದ ಮೂಲಕವೇ ನಡೆಯುವ ಹರಟೆ, ಇಂಗ್ಲಿಷಿನ ಸೂಚನೆಗಳು ತಾಯಿಯನ್ನು ಹೊಸ್ತಿಲಲ್ಲಿಯೇ ನಿಲ್ಲಿಸುತ್ತವೆ. ಮನೆಗೊಂದೇ ಫೋನು ಇದ್ದರೆ ಅದು ಸಾಮಾನ್ಯವಾಗಿ ಆಕೆಯ ಕೈಯಲ್ಲಿರುವುದಿಲ್ಲ. ಆಕೆ ಖಾತೆ ತೆರೆಯುವುದಿಲ್ಲ, ಆದ್ದರಿಂದ ಅಂಕಿಅಂಶಗಳಲ್ಲಿ ಬರುವುದಿಲ್ಲ. ಅಂಕಿಅಂಶಗಳಲ್ಲಿ ಇಲ್ಲದವಳನ್ನು ಸಂದರ್ಶನಕ್ಕೂ ಕರೆಯುವುದಿಲ್ಲ. ಇದಲ್ಲದೆ ಬೆಂಗಳೂರಿನ ರಾತ್ರಿ 9 ಗಂಟೆಯೆಂದರೆ ದುಬೈಯಲ್ಲಿ 7:30, ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ ಹೊತ್ತು. ಕ್ಷಣಗಳನ್ನು ಹೊಂದಿಸಿದ ತಂತ್ರಜ್ಞಾನವು ಹೊತ್ತುಗಳನ್ನು ಹೊಂದಿಸಲಾರದು. 2006ರಲ್ಲಿ ಆರಂಭವಾದ ಜಪಾನಿನ ‘ನಿಕೊನಿಕೊ’ ಜಾಲತಾಣವು ಬೇರೊಂದು ದಾರಿ ಹಿಡಿಯಿತು. ಅಲ್ಲಿ ಹಿಂದಿನ ನೋಡುಗರ ಮಾತುಗಳು ಆಯಾ ದೃಶ್ಯದ ಮೇಲೆಯೇ ಹರಿದು, ತಡವಾಗಿ ಬಂದವರಿಗೂ ಜೊತೆಯವರಿದ್ದ ಭಾವನೆ ಬರುತ್ತದೆ. ಒಟ್ಟಿಗಿರುವುದೆಂದರೆ ಒಂದೇ ಕ್ಷಣದಲ್ಲಿರುವುದು ಮಾತ್ರವಲ್ಲ ಎಂಬುದಕ್ಕೆ ಇದು ನಿದರ್ಶನ. ಆದರೆ ಅದೂ ಅಕ್ಷರಸ್ಥರ ಕೂಟವೇ.

ಹ್ಯೂ ಬೇಯರ್ ಮತ್ತು ಕ್ಯಾರೆನ್ ಹೋಲ್ಟ್ಸ್‌ಬ್ಲಾಟ್ ಪ್ರತಿಪಾದಿಸಿದ ಸಂದರ್ಭಾಧಾರಿತ ವಿನ್ಯಾಸ ವಿಧಾನದಲ್ಲಿ ಸಂಶೋಧಕನು ಬಳಕೆದಾರನ ಬಳಿ ಶಿಷ್ಯನಂತೆ ಕುಳಿತು ಕಲಿಯಬೇಕೆಂಬ ತತ್ತ್ವವಿದೆ. ಇದು ಕ್ಷೇತ್ರಕಾರ್ಯಕ್ಕೆ ತೀರ ಹತ್ತಿರದ ಮಾತು. ಹಾಗೆಂದು ಜಾನಪದ ವಿದ್ವತ್ತು ಗುರುಸ್ಥಾನದಲ್ಲಿ ಕೂರುವಂತಿಲ್ಲ. ಕನ್ನಡದಲ್ಲಿಯೂ ಬಹುಕಾಲ ಹಾಡನ್ನು, ಕಥೆಯನ್ನು ಸಂಗ್ರಹಿಸಿದ್ದೇ ಹೆಚ್ಚು. ಹಾಡುವವಳ ಎದುರು ಕುಳಿತು ಹೂಂಗುಟ್ಟಿದವರ ದಾಖಲೆ ವಿರಳ. ಪಠ್ಯವನ್ನು ಎತ್ತಿಕೊಂಡು ನೆರವಿಯನ್ನು ಬಿಟ್ಟುಬಂದ ಆ ಲೋಪವೇ ಆ್ಯಪ್‌ಗಳಲ್ಲಿ ಇಂದು ಬೇರೊಂದು ರೂಪದಲ್ಲಿ ಮರುಕಳಿಸಿದೆ.

ಆದುದರಿಂದ ಅಧ್ಯಯನದ ಘಟಕವು ಖಾತೆಯಾಗಿರದೆ ಕೂಟವಾಗಿರಬೇಕು. ಒಂದು ಪರದೆಯ ಮುಂದೆ ಎಷ್ಟು ಜನ ಕುಳಿತಿದ್ದಾರೆ, ರಿಮೋಟು ಯಾರ ಕೈಯಲ್ಲಿದೆ, ಯಾರು ಯಾರಿಗೆ ಕಥೆಯನ್ನು ವಿವರಿಸುತ್ತಾರೆ, ಯಾರು ಸುಮ್ಮನಿದ್ದೂ ಸೇರಿದ್ದಾರೆ ಎಂಬುದನ್ನು ಪ್ರಶ್ನಾವಳಿಯಿಂದ ಅರಿಯಲಾಗದು. ಅದಕ್ಕೆ ಎರಡೂ ಮನೆಗಳಲ್ಲಿ, ಅವರ ಒಪ್ಪಿಗೆ ಪಡೆದು, ಮತ್ತೆ ಮತ್ತೆ ಕೂರಬೇಕಾಗುತ್ತದೆ. ಈ ಕೆಲಸ ನಿಧಾನದ್ದು, ವೆಚ್ಚದ್ದು ಎಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಯಾರಿಗಾಗಿ ದೂರವನ್ನು ದಾಟಬೇಕಾಗಿತ್ತೋ ಅವರನ್ನೇ ಕೇಳದೆ ಕಟ್ಟಿದ ಸೇತುವೆಯು ಒಂದೇ ದಡದವರ ಉಪಯೋಗಕ್ಕೆ ಬರುತ್ತದೆ.