ಕಾನೂರಿನ ಮನೆಯೂ ಮರ್ತೂರಿನ ಶಾಸ್ತ್ರವೂ

ಶ್ರೀ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಪ್ರಕಟವಾದುದು 1936ರಲ್ಲಿ. ಅಂದಿನಿಂದ ಆ ಕಾದಂಬರಿಗೆ ಸಂದಿರುವ ಪ್ರಶಂಸೆಯಲ್ಲಿ ಬಹುಭಾಗವು ಅದರ ಅರಣ್ಯಕ್ಕೆ ಸಂದಿರುವುದು. ಸಹ್ಯಾದ್ರಿಯ ಮಳೆ, ಕಣಿವೆಯಲ್ಲಿ ತುಂಬುವ ಮಂಜು, ಬೇಟೆಯ ಸಂಭ್ರಮ, ಕಾಡಿನ ನಡುವೆ ಒಂಟಿಯಾಗಿ ನಿಂತ ದೊಡ್ಡ ಮನೆಗಳು, ಇವನ್ನು ಮೆಚ್ಚದ ವಾಚಕನಿಲ್ಲ. ಸೇಡಂ ಚಿತ್ತಾಪುರಗಳ ಕರಿಯ ನೆಲದಲ್ಲಿ ತೊಗರಿ ಜೋಳಗಳ ನಡುವೆ ಬೆಳೆದವರಿಗೂ, ವಾಡಿ ಶಹಾಬಾದಗಳ ಕಲ್ಲಿನ ಗಣಿಗಳನ್ನು ನಿತ್ಯವೂ ಕಾಣುವವರಿಗೂ ಅದೊಂದು ಬೇರೆಯ ಲೋಕವೇ ಸರಿ. ಕಾಡೆಂದರೆ ನಮಗೆ ಚಿಂಚೋಳಿಯಾಚೆಯ ಕುಂಚಾವರಂ ಗುಡ್ಡಗಳು. ಅವೂ ವರ್ಷದಲ್ಲಿ ಬಹುಕಾಲ ಒಣಗಿ ನಿಲ್ಲುವಂಥವು. ಆದುದರಿಂದ ನಮ್ಮ ಕಡೆಯ ವಿದ್ಯಾವಂತ ಮನೆಗಳಲ್ಲಿ ಈ ಗ್ರಂಥವನ್ನು ದೂರದ ದೇಶದ ಚಿತ್ರವೆಂಬಂತೆ ಓದಿ, ಕಣ್ಣು ತಂಪಾಗಿಸಿಕೊಂಡು, ಮಡಿಸಿ ಇಡುವ ರೂಢಿಯುಂಟು.

ಈ ರೂಢಿ ಸರಿಯಲ್ಲವೆಂಬುದೇ ಪ್ರಕೃತ ಲೇಖನದ ವಾದ. ಕಾನೂರಿನ ಕಾಡು ನಮಗೆ ದೂರವಾದರೂ ಕಾನೂರಿನ ಮನೆ ದೂರವಲ್ಲ. ಆ ಮನೆಯನ್ನು ಕಟ್ಟಿ ನಿಲ್ಲಿಸಿದ, ಕೊನೆಗೆ ಒಡೆದು ಇಬ್ಭಾಗ ಮಾಡಿದ ಶಾಸ್ತ್ರವು ನಮ್ಮ ನೆಲದ್ದೇ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯ ವಿಚಾರದಲ್ಲಿ ಬಂಗಾಳದ ಕಡೆಯನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಪ್ರಮಾಣವಾಗಿ ನಡೆದ ‘ಮಿತಾಕ್ಷರ’ವನ್ನು ರಚಿಸಿದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಶಹಾಬಾದಿಗೆ ಸಮೀಪದ ಮರ್ತೂರನ್ನು ಅವನ ಊರೆಂದು ನಮ್ಮ ಸೀಮೆಯವರು ಅಭಿಮಾನದಿಂದ ಹೇಳಿಕೊಂಡು ಬಂದಿದ್ದಾರೆ. ವಿಕ್ರಮಾದಿತ್ಯನ ಆಳಿಕೆ 1076ರಿಂದ 1126ರವರೆಗೆ. ಆ ಕಾಲದಲ್ಲಿ ಈ ಬಯಲಿನ ಪಂಡಿತನೊಬ್ಬನು ನಿರ್ಣಯಿಸಿದ ಮಾತು ಎಂಟು ಶತಮಾನಗಳ ತರುವಾಯ ತೀರ್ಥಹಳ್ಳಿಯ ಮಲೆಯಲ್ಲಿ ಅಣ್ಣನ ಮಗನನ್ನೂ ಚಿಕ್ಕಪ್ಪನನ್ನೂ ಎದುರುಬದುರಾಗಿ ನಿಲ್ಲಿಸಿತು. ಕಾದಂಬರಿಯ ನಾಡಿ ಮಿಡಿಯುವುದು ಅಲ್ಲಿ.

ಕಥೆಯ ಹಂದರವನ್ನು ಸಂಕ್ಷೇಪವಾಗಿ ನೆನೆಯೋಣ. ಕಾನೂರಿನ ಯಜಮಾನರು ಚಂದ್ರಯ್ಯಗೌಡರು. ಅವರ ಮಗ ರಾಮಯ್ಯ. ತೀರಿಕೊಂಡ ಅಣ್ಣನ ಮಗ ಹೂವಯ್ಯ. ಇಬ್ಬರೂ ಮೈಸೂರಿನಲ್ಲಿ ಓದಿ ಬಂದವರು. ಹೂವಯ್ಯನ ತಾಯಿ ನಾಗಮ್ಮನು ವಿಧವೆಯಾಗಿ ಅದೇ ಮನೆಯಲ್ಲಿ ಬಾಳುತ್ತಿರುವಳು. ಗೌಡರು ಮೂರನೆಯ ಮದುವೆಯಾಗಿ ತಂದ ಹುಡುಗಿ ಸುಬ್ಬಮ್ಮ. ಗ್ರಂಥದ ಹೆಸರಿನ ಹೆಗ್ಗಡಿತಿ ಅವಳೇ. ಮುತ್ತಳ್ಳಿಯ ಶ್ಯಾಮಯ್ಯಗೌಡರ ಮಗಳು ಸೀತೆಯ ಮನಸ್ಸು ಹೂವಯ್ಯನಲ್ಲಿ. ಹಿರಿಯರ ಏರ್ಪಾಡು ಬೇರೆ. ಮನಸ್ತಾಪ ಬೆಳೆದು ಮನೆ ಪಾಲಾಗುವುದು. ಹೂವಯ್ಯನು ತಾಯಿಯೊಡನೆ ದೊಡ್ಡ ಮನೆಯನ್ನು ಬಿಟ್ಟು ಕೆಳಕಾನೂರಿನಲ್ಲಿ ಹೊಸ ಬಾಳನ್ನು ತೊಡಗುವನು. ಮೇಲಿನ ಮನೆ ದಿನದಿನಕ್ಕೆ ಕುಸಿಯುವುದು, ಕೆಳಗಿನದು ಚಿಗುರುವುದು. ಈ ಕಾದಂಬರಿಯನ್ನು ಇಂಗ್ಲಿಷಿಗೆ ತಂದವರು ಅದಕ್ಕೆ ‘ದ ಹೌಸ್ ಆಫ್ ಕಾನೂರು’ ಎಂದು ಹೆಸರಿಟ್ಟರು. ಹೆಗ್ಗಡಿತಿಯನ್ನು ಮರೆಸಿ ಮನೆಯನ್ನು ಮುಂದಿಟ್ಟ ಆ ಹೆಸರು ಮೂಲಕ್ಕೆ ನಿಷ್ಠವಲ್ಲವಾದರೂ ವಸ್ತುವಿನ ಮರ್ಮವನ್ನು ಅದು ಮುಟ್ಟಿದೆ.

ಕಾದಂಬರಿಯನ್ನು ದಾವೆಯ ಕಾಗದದಂತೆ ಓದುವುದುಂಟೇ ಎಂದು ಸಹೃದಯರು ಆಕ್ಷೇಪಿಸಬಹುದು. ರಸವನ್ನು ಬಿಟ್ಟು ಹಕ್ಕನ್ನು ಹುಡುಕುವುದು ಅರಸಿಕತೆಯೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಈ ಗ್ರಂಥದಲ್ಲಿ ರಸವು ಹುಟ್ಟುವುದೇ ಹಕ್ಕಿನ ಇಕ್ಕಟ್ಟಿನಿಂದ. ಒಂದೇ ಸೂರಿನ ಕೆಳಗೆ ಮುನಿದವರು ಏಕೆ ಇರಬೇಕು? ಇಷ್ಟವಿಲ್ಲದವನನ್ನು ಯಜಮಾನನು ಏಕೆ ಹೊರಗೆ ಹಾಕಲಾರ? ಹೊರಡುವವನು ಏಕೆ ಬರಿಗೈಯಲ್ಲಿ ಹೊರಡಬೇಕಾಗಿಲ್ಲ? ಇವಕ್ಕೆಲ್ಲ ಉತ್ತರ ಶಾಸ್ತ್ರದಲ್ಲಿದೆ. ಅದನ್ನರಿಯದವನಿಗೆ ಪಾತ್ರಗಳ ಸಿಟ್ಟು ಬರಿಯ ಸಿಟ್ಟಾಗಿ ತೋರುವುದು.

ಬಂಗಾಳದ ಜೀಮೂತವಾಹನನ ‘ದಾಯಭಾಗ’ದ ಪ್ರಕಾರ ತಂದೆಯಿರುವಾಗ ಮಗನಿಗೆ ಆಸ್ತಿಯಲ್ಲಿ ಒಡೆತನವಿಲ್ಲ, ತಂದೆಯ ಮರಣದಿಂದ ಅದು ಬರುವುದು. ವಿಜ್ಞಾನೇಶ್ವರನು ಹಾಗೆನ್ನುವುದಿಲ್ಲ. ಪಿತಾಮಹರಿಂದ ಬಂದ ಸೊತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವಾಮ್ಯವುಂಟು; ಅಂಥ ಸ್ಥಿರಾಸ್ತಿಯನ್ನು ತಂದೆ ತನ್ನ ಮನಬಂದಂತೆ ಕಳೆಯಲಾರ. ಪಾಲಿನಿಂದ ಒಡೆತನ ಹುಟ್ಟುವುದಿಲ್ಲ. ಮೊದಲೇ ಎಲ್ಲರದಾಗಿ ಇದ್ದ ಒಡೆತನವನ್ನು ಬೇರೆಬೇರೆಯಾಗಿ ನೆಲೆಗೊಳಿಸುವುದೇ ಪಾಲು. ತಂದೆಯಿಲ್ಲದ ಮೊಮ್ಮಗನು ತಂದೆಯ ಅಂಶವನ್ನು ಪಡೆಯುವನು. ಹೂವಯ್ಯನು ಚಿಕ್ಕಪ್ಪನ ಮನೆಯಲ್ಲಿ ಆಶ್ರಿತನಲ್ಲ, ಸಮಭಾಗಿ. ಚಂದ್ರಯ್ಯಗೌಡರ ಗರ್ಜನೆಯ ಒಳಗೆ ಅಡಗಿರುವ ಅಂಜಿಕೆ ಇದೇ: ತಾವು ಬೆಳೆಸಿದ ಹುಡುಗನು ತಮ್ಮಷ್ಟೇ ಒಡೆಯನೆಂಬ ಅರಿವು. ಆ ಅರಿವನ್ನು ಗೌಡರ ಬಾಯಲ್ಲಿ ವಾದವಾಗಿ ಹೇಳಿಸದೆ ಮಾತಿನ ಬಿರುಸಿನಲ್ಲಿ, ಮನೆಯವರ ಮೇಲಣ ಅನುಮಾನದಲ್ಲಿ ಕಾಣಿಸಿರುವುದು ಕಾದಂಬರಿಕಾರರ ಹೆಚ್ಚಳ.

ಹೂವಯ್ಯನ ಹಕ್ಕು ಹೀಗೆ ನೆಲೆಯುಳ್ಳದ್ದು. ಅದೇ ಸೂರಿನ ಕೆಳಗಿನ ಹೆಂಗಸರ ಸ್ಥಿತಿಯೇನು? ಸುಬ್ಬಮ್ಮನನ್ನು ಜನರು ಹೆಗ್ಗಡಿತಿಯೆಂದು ಕರೆಯುವರು. ಗಂಡನು ತೀರಿಕೊಂಡ ಮೇಲೆ ಆ ಮನೆಯ ಆಡಳಿತವೂ ಅವಳ ಕೈಗೆ ಬರುವುದು. ಆದರೆ ನ್ಯಾಯಸ್ಥಾನಗಳಲ್ಲಿ ನಡೆದುಬಂದ ರೂಢಿಯಂತೆ ಅವಿಭಕ್ತ ಕುಟುಂಬದ ವಿಧವೆಗೆ ಇದ್ದುದು ಅನ್ನವಸ್ತ್ರದ ಹಕ್ಕು ಮಾತ್ರ. ಹೆಸರು ದೊಡ್ಡದು, ನೆಲೆ ಇಲ್ಲ. ಬೀಗದ ಕೈ ಅವಳಲ್ಲಿದೆ, ಕದ ಅವಳದಲ್ಲ. ಇಂಥ ಸ್ಥಾನದಲ್ಲಿ ನಿಂತ ಅನಕ್ಷರಸ್ಥ ಎಳೆಯ ಹೆಂಗಸು ಗದರಿ ಆಳುವುದನ್ನೂ, ತನ್ನನ್ನು ಹೊಗಳುವ ಸೇರೆಗಾರನನ್ನು ನಂಬುವುದನ್ನೂ ಕಲಿತರೆ ಆಶ್ಚರ್ಯವೇನು? ಅವಳ ಅಂತ್ಯವು ದಾರುಣವಾದುದು. ಅದನ್ನು ಅವಳ ಶೀಲದ ಫಲವೆಂದು ಓದುವವರು ಬಹಳ ಮಂದಿ. ಅವಳಿಗೆ ಒಂದು ಅಂಶ ತನ್ನದೆಂದು ಇದ್ದಿದ್ದರೆ ಕಥೆ ಹೀಗೆ ಸಾಗುತ್ತಿತ್ತೇ ಎಂದು ಕೇಳಿಕೊಂಡವರು ವಿರಳ.

ಇಲ್ಲಿ ಶಾಸ್ತ್ರಕಾರನ ಪರವಾಗಿ ಒಂದು ಮಾತನ್ನು ಹೇಳದೆ ವಿಧಿಯಿಲ್ಲ. ತಂದೆ ತೀರಿಕೊಂಡ ಮೇಲೆ ಮಕ್ಕಳು ಪಾಲು ಮಾಡಿಕೊಳ್ಳುವಾಗ ತಾಯಿಗೆ ಸಮನಾದ ಅಂಶವನ್ನು ವಿಜ್ಞಾನೇಶ್ವರನು ಹೇಳಿದ್ದಾನೆ. ಮದುವೆಯಾಗದ ತಂಗಿಗೆ ಸಲ್ಲುವ ಕಾಲುಭಾಗವು ಮದುವೆಯ ಖರ್ಚೆಂಬ ದಾನವಲ್ಲ, ನಿಜವಾದ ಭಾಗವೆಂದು ವಾದಿಸಿದ್ದಾನೆ. ಮಕ್ಕಳಿಲ್ಲದೆ, ಬೇರೆಯಾಗಿ ಬಾಳಿ ತೀರಿಕೊಂಡವನ ಸೊತ್ತು ಹೆಂಡತಿಗೇ ಸಲ್ಲಬೇಕೆಂದಿದ್ದಾನೆ. ಎಲ್ಲಕ್ಕಿಂತ ಮಿಗಿಲಾಗಿ, ಸ್ವಾಮ್ಯವೆಂಬುದು ಶಾಸ್ತ್ರದಿಂದ ಹುಟ್ಟಿದ್ದಲ್ಲ, ಲೋಕವ್ಯವಹಾರದಿಂದ ತಿಳಿಯತಕ್ಕದ್ದು ಎಂದು ಸಾಧಿಸಿದ್ದಾನೆ. ಲೋಕ ನಡೆದಂತೆ ಸ್ವಾಮ್ಯವೂ ನಡೆಯಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಆಧಾರ ಬೇಡ. 1810ರಲ್ಲಿ ಕೋಲ್‌ಬ್ರೂಕನು ದಾಯಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಗಂಡುಮಕ್ಕಳ ಜನ್ಮಸ್ವತ್ವವು ನ್ಯಾಯಸ್ಥಾನಗಳಲ್ಲಿ ಬೇರೂರಿತು. ಹೆಂಗಸರ ಅಂಶವು ಬಹುಮಟ್ಟಿಗೆ ಪುಸ್ತಕದಲ್ಲಿಯೇ ಉಳಿಯಿತು. ಮೈಸೂರು ಸಂಸ್ಥಾನವು 1933ರ ಕಾಯಿದೆಯಿಂದ ಪಾಲಿನ ಕಾಲದಲ್ಲಿ ತಾಯಿಗೂ ಮದುವೆಯಾಗದ ಮಗಳಿಗೂ ಅಂಶವನ್ನು ಕೊಡಿಸಿದುದು ಕಾದಂಬರಿಯ ಪ್ರಕಟಣೆಗೆ ಮೂರು ವರ್ಷ ಹಿಂದಿನ ಸಂಗತಿ. ಕಾನೂರಿನ ಕಥೆ ಅದಕ್ಕೂ ಹಿಂದಿನದು.

ಹಕ್ಕಿಲ್ಲದೆ ಮನೆಯನ್ನು ಹೊತ್ತವರು ಹೆಂಗಸರು ಮಾತ್ರವಲ್ಲ. ಬೇಲರ ಬೈರ ಮೊದಲಾದವರ ಬೆನ್ನಿನ ಮೇಲೆಯೇ ಕಾನೂರಿನ ಸಿರಿ ನಿಂತಿರುವುದು. ಗೌಡರ ಮನೆ ಎರಡಾದಾಗ ಗದ್ದೆ ಹಂಚಿಹೋಗುವುದು; ಗದ್ದೆಯನ್ನು ಉತ್ತವರ ಪಾಲಿಗೆ ಧಣಿ ಬದಲಾಗುವನು, ಅಷ್ಟೆ. ಕಾದಂಬರಿಕಾರರು ಇವರನ್ನು ನಗೆಗೂ ಕರುಣೆಗೂ ಏಕಕಾಲದಲ್ಲಿ ಪಾತ್ರರನ್ನಾಗಿಸಿದ್ದಾರೆ. ಗ್ರಂಥದ ಅತ್ಯಂತ ಜೀವಂತವಾದ ಮಾತುಕತೆ ಇವರದೇ. ಹೂವಯ್ಯನ ಆದರ್ಶಭಾಷಣಕ್ಕಿಂತ ಬೈರನ ಒಂದು ನೆಪ ನಮಗೆ ಹೆಚ್ಚನ್ನು ತಿಳಿಸುವುದು.

ಹುಟ್ಟಿನ ಹಕ್ಕಿಲ್ಲದೆ ದುಡಿದವನ ಪ್ರಶ್ನೆಯನ್ನು ಇನ್ನೊಂದು ಬೆಟ್ಟದ ಮನೆ ಮತ್ತಷ್ಟು ಸ್ಪಷ್ಟವಾಗಿ ಎತ್ತಿದೆ. ಏಳು ವರ್ಷಗಳ ತರುವಾಯ, 1943ರಲ್ಲಿ, ಶ್ರೀ ಶಿವರಾಮ ಕಾರಂತರು ‘ಬೆಟ್ಟದ ಜೀವ’ವನ್ನು ಬರೆದರು. ಕುಮಾರಪರ್ವತದ ಅಡಿಯ ಕಾಡಿನಲ್ಲಿ ಗೋಪಾಲಯ್ಯನವರ ಮನೆ. ಅಲ್ಲಿ ಪಾಲಿನ ಜಗಳವಿಲ್ಲ. ಪಾಲಿಗೆ ಬರುವವನೇ ಇಲ್ಲ. ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಶಂಕರಮ್ಮನವರು ಅವನ ಹಾದಿ ಕಾಯುತ್ತಿದ್ದಾರೆ. ಕಟ್ಟದಮೂಲೆಯ ತೋಟದಲ್ಲಿ ದುಡಿಯುವ ನಾರಾಯಣನಿಗೆ ಆ ಮಣ್ಣಿನ ಒಂದೊಂದು ಹೆಂಟೆಯೂ ಗೊತ್ತು. ಜನ್ಮದ ಹಕ್ಕು ಮಾತ್ರ ಇಲ್ಲ. ಹಕ್ಕುಳ್ಳವನಿಗೆ ಮನೆ ಬೇಡ. ಮನೆ ಬೇಕಾದವನಿಗೆ ಹಕ್ಕಿಲ್ಲ. ಇಂಥವರ ಪ್ರಶ್ನೆಗೆ ಕರ್ನಾಟಕದ ಕಾನೂನು ಉತ್ತರ ಕೊಟ್ಟುದು 1974ರ ಭೂಸುಧಾರಣೆಯಲ್ಲಿ, ಗೇಣಿಗೆ ದುಡಿದವನನ್ನು ಒಡೆಯನನ್ನಾಗಿ ಮಾಡಿ. ಕಾದಂಬರಿ ಅದನ್ನು ಮೂವತ್ತೊಂದು ವರ್ಷ ಮುಂಚೆ, ದೂರಿನ ದನಿಯಿಲ್ಲದೆ, ಮುದುಕನೊಬ್ಬನ ಆತಿಥ್ಯದ ನಡುವೆಯೇ ಕೇಳಿಬಿಟ್ಟಿತ್ತು.

ಎರಡನ್ನೂ ಜೊತೆಗಿಟ್ಟು ನೋಡಿದರೆ ‘ಕಾನೂರು ಹೆಗ್ಗಡಿತಿ’ಯ ಬಲವೂ ಕೊರತೆಯೂ ತಿಳಿಯುವುವು. ಕಾರಂತರ ಗ್ರಂಥ ಚಿಕ್ಕದು, ಬಿಗಿಯಾದುದು. ಒಂದೇ ಮನೆಯ ನೋವನ್ನು ಅದು ಆಳವಾಗಿ ತೋಡಿದೆ. ಕುವೆಂಪು ಅವರದು ವಿಸ್ತಾರವಾದುದು. ಕೆಲವೆಡೆ ಪ್ರಕೃತಿಯ ವರ್ಣನೆ ಕಥೆಯನ್ನು ತಡೆದು ನಿಲ್ಲಿಸುವುದು. ಆದರೆ ಒಂದು ಮನೆ ಒಡೆದರೆ ಎಷ್ಟು ಜನರ ಬದುಕು ಅಲುಗುವುದೆಂಬುದನ್ನು ಇಷ್ಟು ಅಗಲವಾಗಿ ತೋರಿಸಿದ ಕನ್ನಡ ಕಾದಂಬರಿ ಅದಕ್ಕೆ ಮುಂಚೆ ನಮ್ಮಲ್ಲಿ ಇರಲಿಲ್ಲವೆಂದರೆ ಉತ್ಪ್ರೇಕ್ಷೆಯಾಗದು. ಮುಖ್ಯವಾದ ಕೊರತೆ ಬೇರೊಂದು. ಹೂವಯ್ಯನನ್ನು ಕಾದಂಬರಿಕಾರರು ಬಹಳವಾಗಿ ಪ್ರೀತಿಸಿದ್ದಾರೆ. ಅವನು ಕೆಳಗೆ ಹೋದೊಡನೆ ಧರ್ಮವೂ ಅವನ ಹಿಂದೆ ಇಳಿದುಹೋಗುವುದು. ಮೇಲಿನ ಮನೆಯಲ್ಲಿ ಉಳಿದವರಿಗೆ ಅಧಃಪತನವೊಂದೇ ದಾರಿ. ವಿದ್ಯೆಯೂ ಹಕ್ಕೂ ಇದ್ದವನು ಒಳ್ಳೆಯವನಾಗಿರುವುದು ಸುಲಭ. ಎರಡೂ ಇಲ್ಲದ ಸುಬ್ಬಮ್ಮನನ್ನು ಅದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ? ಗ್ರಂಥಕ್ಕೆ ಅವಳ ಹೆಸರನ್ನಿಟ್ಟು ಅದರ ಗೌರವವನ್ನೆಲ್ಲ ಹೂವಯ್ಯನಿಗೆ ಕೊಟ್ಟಿರುವುದು ನಮಗೆ ಸರಿಯೆಂದು ತೋರುವುದಿಲ್ಲ.

ಆದರೂ ಒಂದು ವಿಷಯದಲ್ಲಿ ಕುವೆಂಪು ಅವರ ದೃಷ್ಟಿ ಅಚಲವಾದುದು. ಹಿರಿಯರ ಮನೆ ಕುಸಿಯಿತೆಂದು ಅವರು ಎಲ್ಲಿಯೂ ಗೋಳಿಡುವುದಿಲ್ಲ. ಪರಂಪರೆಯೆಂದರೆ ಕಂಬ, ಜಗಲಿ, ಉಪ್ಪರಿಗೆಗಳಲ್ಲ. ಹೊಸದನ್ನು ತೊಡಗುವ ಧೈರ್ಯವೇ ಹಿರಿಯರ ನಿಜವಾದ ಸೊತ್ತೆಂಬುದು ಕೆಳಕಾನೂರಿನ ಗುಡಿಸಲ ಬಾಳಿನ ಧ್ವನಿ. ಕಾನೂರು ಕಲ್ಪಿತ ಗ್ರಾಮ. ಆದರೆ ಕವಿ ಬೆಳೆದ ಕುಪ್ಪಳಿ ತೀರ್ಥಹಳ್ಳಿಯ ಸೀಮೆಯ ನಿಜವಾದ ಬೆಟ್ಟದ ಹಳ್ಳಿ. ಅಲ್ಲಿಯ ಪೂರ್ವಜರ ಮನೆಯನ್ನು ಇಂದು ಕುವೆಂಪು ಪ್ರತಿಷ್ಠಾನವು ಸಂಗ್ರಹಾಲಯವಾಗಿ ಕಾಪಾಡಿದೆ. ಸಾವಿರಾರು ಜನರು ಹೋಗಿ ನೋಡಿ ಬರುವರು. ಆ ಮನೆ ಉಳಿದಿರುವುದು ಸಂತೋಷದ ವಿಷಯ. ಆದರೆ ಅದು ಉಳಿದುದು ಜನ್ಮಸ್ವತ್ವದ ಬಲದಿಂದಲ್ಲ, ಅಲ್ಲಿಂದ ಹೊರಟವನೊಬ್ಬನು ಬರೆದ ಪುಸ್ತಕಗಳ ಬಲದಿಂದ.

ಇನ್ನು ನಮ್ಮ ಊರುಗಳ ಮನೆಗಳ ಕಡೆ ನೋಡೋಣ. ಶಹಾಬಾದಿನ ಕಲ್ಲು ಹಾಸಿದ ಪಡಸಾಲೆಯ ನಡುವೆ ಗೋಡೆಯೆದ್ದು ಒಂದು ವಾಡೆ ಎರಡಾಗಿರುವುದನ್ನು, ಎರಡಕ್ಕೂ ಬೀಗ ಬಿದ್ದು ಮಕ್ಕಳು ಹೈದರಾಬಾದು, ಪುಣೆ, ಮುಂಬಯಿ ಸೇರಿರುವುದನ್ನು ಕಾಣದವರು ನಮ್ಮಲ್ಲಿ ಯಾರು? ಗೋಡೆ ಕಾನೂರಿನದು, ಬೀಗ ಗೋಪಾಲಯ್ಯನವರ ಮನೆಯದು. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಭಾಗವೆಂದು ಕರ್ನಾಟಕವು 1994ರಲ್ಲಿಯೂ, ಕೇಂದ್ರ ಸರಕಾರವು 2005ರಲ್ಲಿಯೂ ವಿಧಿಸಿವೆ. ತಂದೆ ಅದಕ್ಕೆ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಉಂಟೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಹೇಳಿದೆ. ಆದರೂ ಪಾಲಿನ ದಿನ ಅಕ್ಕತಂಗಿಯರನ್ನು ತವರಿಗೆ ಕರೆಸಿ, ಸೀರೆ ಕುಪ್ಪಸ ಉಡಿಗೆಯಿಟ್ಟು, ಹಕ್ಕು ಬಿಟ್ಟ ಪತ್ರಕ್ಕೆ ರುಜು ಹಾಕಿಸಿಕೊಳ್ಳುವುದು ಒಳ್ಳೆಯ ಮನೆಗಳಲ್ಲಿಯೇ ನಡೆದಿರುವುದು. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಅವರು ರುಜು ಹಾಕುವರು. ನಾವು ಅದನ್ನು ಪ್ರೀತಿಯೆಂದು ಕರೆಯುವೆವು.

ಹೀಗೆ ರುಜು ಹಾಕಿಸಿಕೊಂಡ ಕೈಯಲ್ಲಿಯೇ ‘ಕಾನೂರು ಹೆಗ್ಗಡಿತಿ’ಯನ್ನು ಹಿಡಿದು ಸುಬ್ಬಮ್ಮನ ಗತಿಗೆ ಮರುಗುವುದು ಅರ್ಧ ಓದು. ಮರ್ತೂರಿನ ಪಂಡಿತನನ್ನು ನಮ್ಮವನೆಂದು ಹೇಳಿಕೊಳ್ಳುವವರು ಅವನು ತಂಗಿಗೆ ಎತ್ತಿಟ್ಟ ಭಾಗವನ್ನೂ ನೆನೆಯಬೇಕು. ಕಾದಂಬರಿಯನ್ನು ಈ ನೆನಪಿನೊಡನೆ ಮೊದಲಿನಿಂದ ಮತ್ತೊಮ್ಮೆ ಓದಿರೆಂದು ವಾಚಕರಲ್ಲಿ ನಮ್ಮ ಪ್ರಾರ್ಥನೆ. ಕಾಡು ಆಗಲೂ ಹಸುರಾಗಿಯೇ ಇರುವುದು. ಮನೆ ಮಾತ್ರ ಬಹಳ ಹತ್ತಿರಕ್ಕೆ ಬಂದು ನಿಲ್ಲುವುದು.