‘ಮಹಾದರ್ಶನ’: ಒಂದು ಕಾದಂಬರಿತ್ರಯದ ಸಮಾಪ್ತಿ

ದೇವುಡು ನರಸಿಂಹಶಾಸ್ತ್ರಿಗಳ (1896–1962) ಪೌರಾಣಿಕ ಕಾದಂಬರಿತ್ರಯದಲ್ಲಿ ‘ಮಹಾಬ್ರಾಹ್ಮಣ’ದ ಕಥೆಯ ಬಿಗಿಗೆ ಮನಸೋಲದವರು ವಿರಳ. ‘ಮಹಾಕ್ಷತ್ರಿಯ’ಕ್ಕೆ 1962ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಕೊನೆಯದಾದ ‘ಮಹಾದರ್ಶನ’ವನ್ನು ಮಾತ್ರ ಕಾದಂಬರಿಯೆಂದು ಓದಬೇಕೋ, ಉಪನಿಷತ್ತಿನ ವ್ಯಾಖ್ಯಾನವೆಂದು ಓದಬೇಕೋ ಎಂಬ ಸಂದೇಹ ಸಹೃದಯರಲ್ಲಿಯೂ ಏಳುತ್ತದೆ. ಸಂದೇಹಕ್ಕೆ ಸಮಾಧಾನವನ್ನು ಗ್ರಂಥಗಳ ಹೆಸರುಗಳಲ್ಲಿಯೇ ಅರಸಬೇಕು.

ಮೊದಲೆರಡು ಹೆಸರುಗಳೂ ವ್ಯಕ್ತಿಯನ್ನು ಹೇಳುತ್ತವೆ. ವ್ಯಕ್ತಿಯ ವರ್ಣವನ್ನೂ ಹೇಳುತ್ತವೆ. ಅರಸನಾಗಿದ್ದ ವಿಶ್ವಾಮಿತ್ರನು ಬ್ರಹ್ಮರ್ಷಿಯಾಗುತ್ತಾನೆ. ಮಾನವನಾದ ನಹುಷನು ಇಂದ್ರಪದವಿಗೆ ಏರುತ್ತಾನೆ. ಎರಡರಲ್ಲಿಯೂ ಗೆಲ್ಲಬೇಕಾದ ಒಂದು ಸ್ಥಾನವುಂಟು. ಮೂರನೆಯ ಹೆಸರಿನಲ್ಲಿ ವ್ಯಕ್ತಿಯೂ ಇಲ್ಲ, ವರ್ಣವೂ ಇಲ್ಲ, ಉಳಿದಿರುವುದು ಕಾಣ್ಕೆ. ಯಾಜ್ಞವಲ್ಕ್ಯನು ಏರಬೇಕಾದ ಪೀಠವೆಂಬುದೇ ಇಲ್ಲ. ಸಾಧಕನಿಂದ ಸಾಧ್ಯದ ಕಡೆಗೆ ದೃಷ್ಟಿ ಹೊರಳುವುದೇ ಈ ಸಮಾಪ್ತಿಯ ಅರ್ಥ.

ಇದರಿಂದ ಅದ್ಭುತದ ಸ್ವರೂಪವೂ ಬದಲಾಗಿದೆ. ವಸಿಷ್ಠರ ಧೇನು, ತ್ರಿಶಂಕುವಿನ ಸ್ವರ್ಗ, ಋಷಿಗಳು ಹೊತ್ತ ಪಲ್ಲಕ್ಕಿ: ಇವು ಕಣ್ಣಿಗೆ ಕಟ್ಟುವ ಅದ್ಭುತಗಳು. ಗುರುವಿನ ಕೋಪಕ್ಕೆ ಗುರಿಯಾಗಿ, ಕಲಿತ ವೇದವನ್ನು ಹಿಂದಿರುಗಿಸಿ, ಆದಿತ್ಯನಿಂದ ಹೊಸ ಯಜುಸ್ಸನ್ನು ಪಡೆದ ಶಿಷ್ಯನ ಕಥೆಯಲ್ಲಿ ಅದ್ಭುತವು ಒಳಗೆ ನಡೆಯುವಂಥದು. ಪುಣೆಯ ಕನ್ನಡಿಗರಿಗೆ ಈ ಪ್ರಸಂಗ ಕೇವಲ ಪುಸ್ತಕದ ಮಾತಲ್ಲ. ಯಾಜ್ಞವಲ್ಕ್ಯನಿಂದ ಬಂದುದೆಂದು ನಂಬುವ ಶುಕ್ಲ ಯಜುರ್ವೇದದ ಮಾಧ್ಯಂದಿನ ಶಾಖೆ ಮಹಾರಾಷ್ಟ್ರದಲ್ಲಿ ಇಂದಿಗೂ ಜೀವಂತವಾಗಿದೆ. ಇಲ್ಲಿಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಸ್ಥೆ 1966ರಲ್ಲಿ ಪೂರ್ಣಗೊಳಿಸಿದ ಮಹಾಭಾರತದ ಸಂಶೋಧಿತ ಆವೃತ್ತಿಯ ಶಾಂತಿಪರ್ವದಲ್ಲಿಯೂ, ತನಗೆ ಸೂರ್ಯನಿಂದ ಯಜುಸ್ಸು ದೊರೆತುದನ್ನು ಯಾಜ್ಞವಲ್ಕ್ಯನೇ ಜನಕನಿಗೆ ಹೇಳುತ್ತಾನೆ.

ಕೃತಿಯ ಕೊರತೆಯೂ ಇಲ್ಲಿಂದಲೇ ಹುಟ್ಟುತ್ತದೆ. ವಿಶ್ವಾಮಿತ್ರನ ಪ್ರತಿಯೊಂದು ಗೆಲುವಿನ ಹಿಂದೆಯೂ ಒಂದು ಸೋಲು ಕಾದಿತ್ತು. ಆ ಸೋಲುಗಳೇ ಕಥೆಯನ್ನು ಮುಂದಕ್ಕೆ ನೂಕಿದುವು. ಯಾಜ್ಞವಲ್ಕ್ಯನಿಗಾದರೋ ಸೋಲಿನ ರುಚಿ ಗೊತ್ತಿಲ್ಲ. ಜನಕನ ಸಭೆಯಲ್ಲಿ ಸಾವಿರ ಗೋವುಗಳು ಯಾರಿಗೆ ಸಲ್ಲುವುವೆಂದು ಓದುಗನಿಗೆ ಮೊದಲೇ ತಿಳಿದಿದೆ. ಗಾರ್ಗಿಯ ಪ್ರಶ್ನೆಗಳಿಗೆ ತೂಕವಿದ್ದರೂ ಉತ್ತರ ಬಾರದಿದ್ದರೇನು ಗತಿಯೆಂಬ ಆತಂಕವಿಲ್ಲ. ಸಂವಾದವು ಶಾಸ್ತ್ರಕ್ಕೆ ಅಲಂಕಾರ. ಕಾದಂಬರಿಗೆ ಅದು ಭಾರವಾಗಬಹುದು.

ಆದರೂ ಮುಕ್ತಾಯವು ಈ ಭಾರವನ್ನು ಹಗುರಗೊಳಿಸುತ್ತದೆ. ಪಶ್ಚಿಮದ ಓದುಗರು ಮೆಚ್ಚಿದ ಟಾಲ್ಕಿನ್ನನ ಮಹಾಕಥೆಯ ಮೂರನೆಯ ಸಂಪುಟ (1955) ರಾಜನ ಪಟ್ಟಾಭಿಷೇಕದೊಡನೆ ಮುಗಿಯುವುದಿಲ್ಲ. ನಾಡನ್ನು ಉಳಿಸಿದ ಫ್ರೋಡೊ ಆ ನಾಡಿನಲ್ಲಿ ನಿಲ್ಲಲಾರದೆ ಕಡಲು ದಾಟುತ್ತಾನೆ. ಯಾಜ್ಞವಲ್ಕ್ಯನೂ ಮನೆಯನ್ನು ಬಿಡುತ್ತಾನೆ. ಫ್ರೋಡೊ ಹೊರಡುವುದು ಮಾಯದ ಗಾಯದಿಂದ. ಈತ ಹೊರಡುವುದು ತುಂಬಿದ ಬಾಳಿನಿಂದ. ಈತನ ತ್ಯಾಗಕ್ಕೆ ಬೆಲೆ ಬರುವುದು ಬಿಡಲು ಮನೆಯೊಂದು ಇದ್ದುದರಿಂದ. ಉಪನಿಷತ್ತು ಕಾತ್ಯಾಯನಿಯನ್ನು ಒಂದೇ ಮಾತಿನಲ್ಲಿ ಮುಗಿಸಿ ಮೈತ್ರೇಯಿಯ ಕಡೆಗೆ ತಿರುಗುತ್ತದೆ. ಕಾದಂಬರಿಗೆ ಇಬ್ಬರೂ ಬೇಕು.

ಒಟ್ಟಿನಲ್ಲಿ ‘ಮಹಾದರ್ಶನ’ವು ಮೂರರಲ್ಲಿ ಅತ್ಯಂತ ಸೊಗಸಾದ ಕಥೆಯಲ್ಲ. ಆದರೆ ಉಳಿದೆರಡರಲ್ಲಿ ನಡೆದ ಏರುವಿಕೆಯೆಲ್ಲ ಯಾವುದಕ್ಕಾಗಿ ಎಂಬ ಪ್ರಶ್ನೆಯನ್ನು ಎತ್ತಿಕೊಂಡುದು ಇದೊಂದೇ. ಇದನ್ನು ಬಿಟ್ಟು ಮೊದಲೆರಡನ್ನು ಮಾತ್ರ ಓದಿದವರು ಮೆಟ್ಟಿಲುಗಳನ್ನು ಹತ್ತಿ, ಗರ್ಭಗುಡಿಯನ್ನು ಕಾಣದೆ ಮರಳಿದವರಾಗುತ್ತಾರೆ.