ಹೆಡ್‌ಲೈಟಿನಲ್ಲಿ ಒಂದು ಮಿಲಿಮೀಟರು

ಬೀರೂರಿನಿಂದ ಚಿಕ್ಕಜಾಜೂರಿನ ಕಡೆಗೆ ರೈಲಿನಲ್ಲಿ ಹೋದವರಿಗೆ ಅಜ್ಜಂಪುರ ದಾಟಿದ ಮೇಲೆ ಬರುವ ಶಿವನಿ ನಿಲ್ದಾಣ ನೆನಪಿರಬಹುದು. ನನ್ನ ಅಕ್ಕನ ಮನೆ ಅಲ್ಲಿಯೇ. ಅಡಿಕೆ ಕೊಯ್ಲಿನ ಕಾಲದಲ್ಲಿ ಒಂದು ರಾತ್ರಿ ಅಜ್ಜಂಪುರದಿಂದ ಶಿವನಿಗೆ ಕಾರಿನಲ್ಲಿ ಬರುತ್ತಿದ್ದೆ. ಎದುರಿನಿಂದ ಬಂದ ವಾಹನವೊಂದರ ನೀಲಿಬಿಳಿ ಬೆಳಕು ಕಣ್ಣಿಗೆ ಹೊಡೆಯಿತು. ರಸ್ತೆಯೇ ಮಾಯವಾಯಿತು. ಅಭ್ಯಾಸಬಲದಿಂದ ಬ್ರೇಕ್ ತುಳಿದೆ. ಆ ವಾಹನ ದಾಟಿ ಹೋಗಿ ಕಣ್ಣು ಸರಿಹೋದಾಗ, ಬೈಸಿಕಲ್ಲಿನ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡು ತಳ್ಳುತ್ತಿದ್ದ ಒಬ್ಬ ಮುದುಕ ನನ್ನ ಬಂಪರಿನಿಂದ ಎರಡು ಮಾರು ದೂರದಲ್ಲಿದ್ದ. ಅವನಿಗೆ ಏನೂ ಆಗಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕನ ಮಗ ತನ್ನ ಕಾರನ್ನು ತೋರಿಸಿದ. ಮನೆಯಂಗಳದಲ್ಲಿ ತಾನೇ ಕುಳಿತು ಹಳೆಯ ಹ್ಯಾಲೊಜನ್ ಬಲ್ಬುಗಳನ್ನು ಕಿತ್ತು ಎಲ್‌ಇಡಿ ಹಾಕಿದ್ದ. ಅರ್ಧ ಗಂಟೆಯ ಕೆಲಸ. "ಮಾವ, ಈಗ ರಾತ್ರಿ ಹಗಲಿನ ಹಾಗೆ ಕಾಣುತ್ತೆ" ಎಂದ. ಹಿಂದಿನ ರಾತ್ರಿ ನನ್ನೆದುರು ಬಂದದ್ದು ಇಂಥದೇ ಒಂದು ಕಾರು ಎಂದು ನನಗೆ ಅನ್ನಿಸಿತು. ಆದರೆ ಬೈಯುವ ಮೊದಲು ಅಳೆಯಬೇಕಲ್ಲವೇ? ಆ ಅಳತೆಯ ಫಲವೇ ಈ ಲೇಖನ. ಇದರಲ್ಲಿ ಮೂರು ಬರಹಗಳ ವಿಮರ್ಶೆ ಇದೆ: ಎಲ್‌ಇಡಿ ಡಬ್ಬಿಯ ಮೇಲಿನ ಬರಹ, ಸರ್ಕಾರದ ನಿಯಮದ ಬರಹ, ಮತ್ತು ನಾವು ಶಿಕ್ಷಕರು ಕಪ್ಪುಹಲಗೆಯ ಮೇಲೆ ಬರೆಯುವ ಬರಹ. ಮೂರರಲ್ಲಿ ಹೆಚ್ಚು ತಪ್ಪು ನಮ್ಮದೇ ಎಂಬುದು ನನ್ನ ಅನಿಸಿಕೆ.

ನಮ್ಮದರಿಂದಲೇ ಆರಂಭಿಸೋಣ. ಹತ್ತನೆಯ ತರಗತಿಯಲ್ಲಿ ನಿಮ್ನ ದರ್ಪಣದ ಉಪಯೋಗಗಳ ಪಟ್ಟಿ ಬರುತ್ತದೆ. ಟಾರ್ಚ್, ಶೋಧಕ ದೀಪ, ವಾಹನದ ಹೆಡ್‌ಲೈಟ್. ಬಲ್ಬನ್ನು ಸಂಗಮದಲ್ಲಿ ಇಟ್ಟರೆ ಸಮಾಂತರ ಕಿರಣಗಳು ಹೊರಬರುತ್ತವೆ ಎಂದು ಚಿತ್ರ ಬರೆಯುತ್ತೇವೆ, ಒಂದು ಅಂಕದ ಪ್ರಶ್ನೆ ಕೇಳುತ್ತೇವೆ, ಮುಂದಕ್ಕೆ ಹೋಗುತ್ತೇವೆ. ನಾನೂ ಕಾಲೇಜಿನಲ್ಲಿ ಎಷ್ಟೋ ವರ್ಷ ಹೀಗೆಯೇ ಹೇಳಿದ್ದೇನೆ. ಇದು ಹೈ ಬೀಮಿಗೆ ಮಟ್ಟಿಗೆ ಸರಿ. ಆದರೆ ಎದುರು ವಾಹನ ಬರುವ ರಸ್ತೆಯಲ್ಲಿ ನಾವು ಬಳಸಬೇಕಾದ್ದು ಡಿಮ್. ಡಿಮ್ ದೀಪದಲ್ಲಿ ಬೆಳಕಿನ ಮೂಲ ಸಂಗಮದಲ್ಲಿ ಇರುವುದೇ ಇಲ್ಲ.

ನಮ್ಮಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಎಚ್-4 ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ. ಒಳಗೆ ಎರಡು ತಂತುಗಳಿವೆ. ಒಂದು ಸಂಗಮದಲ್ಲಿ ಕೂರುತ್ತದೆ. ಅದು 60 ವಾಟಿನ ಹೈ ಬೀಮ್ ತಂತು. ಇನ್ನೊಂದು ಅದಕ್ಕಿಂತ ಮುಂದೆ, ಅಂದರೆ ಗಾಜಿನ ಕಡೆಗೆ ಇದೆ. ಅದು 55 ವಾಟಿನ ಡಿಮ್ ತಂತು. ಅದರ ಕೆಳಗೆ ದೋಣಿಯಾಕಾರದ ಪುಟ್ಟ ಲೋಹದ ತಟ್ಟೆಯೊಂದನ್ನು ಗಮನಿಸಿ. ಮೂಲವು ಸಂಗಮಕ್ಕಿಂತ ಆಚೆಗಿದ್ದರೆ ಪ್ರತಿಫಲಿತ ಕಿರಣಗಳು ಅಕ್ಷದತ್ತ ಬಾಗುತ್ತವೆ ಎಂಬುದು ನಿಮಗೆ ಗೊತ್ತೇ ಇದೆ. ದರ್ಪಣದ ಮೇಲರ್ಧಕ್ಕೆ ಬಿದ್ದ ಬೆಳಕು ಹೀಗಾಗಿ ಕೆಳಕ್ಕೆ, ರಸ್ತೆಗೆ ಹೋಗುತ್ತದೆ. ಕೆಳಗಿನ ಅರ್ಧಕ್ಕೆ ಬಿದ್ದದ್ದು ಮೇಲಕ್ಕೆ, ಎದುರಿನವರ ಕಣ್ಣಿಗೆ ಹೋಗಬೇಕಿತ್ತು. ಅದನ್ನು ತಡೆಯುವುದೇ ಆ ತಟ್ಟೆಯ ಕೆಲಸ. ಗೋಡೆಯ ಮೇಲೆ ಡಿಮ್ ದೀಪ ಬಿಟ್ಟಾಗ ಕಾಣುವ, ಕತ್ತರಿಯಿಂದ ಕತ್ತರಿಸಿದಂಥ ಅಂಚುಗೆರೆ ಆ ತಟ್ಟೆಯ ಅಂಚಿನದು. ಎಡಗಡೆಗೆ ಆ ಗೆರೆ 15 ಡಿಗ್ರಿಯಷ್ಟು ಮೇಲಕ್ಕೆ ಓರೆಯಾಗಿರುತ್ತದೆ. ರಸ್ತೆಯ ಎಡಬದಿಯಲ್ಲಿ ನಡೆಯುವವರನ್ನು ಚಾಲಕ ದೂರದಿಂದಲೇ ನೋಡಲಿ ಎಂಬುದಕ್ಕೆ ಈ ಏರ್ಪಾಡು. ಬಲಗಡೆ ಓಡಿಸುವ ದೇಶಗಳಿಗೆಂದು ಮಾಡಿದ ದೀಪದಲ್ಲಿ ಆ ಓರೆ ಬಲಕ್ಕಿರುತ್ತದೆ. ಅಂಥದ್ದನ್ನು ಇಲ್ಲಿ ಕೂರಿಸಿದರೆ ಅದು ನೇರವಾಗಿ ಎದುರಿನ ಚಾಲಕನ ಕಣ್ಣಿಗೇ.

ಇಲ್ಲಿ ಒಂದು ಹಳೆಯ ನೆನಪು. ನಾವು ಹುಡುಗರಾಗಿದ್ದಾಗ ಬಸ್ಸು ಲಾರಿಗಳ ಹೆಡ್‌ಲೈಟಿನ ಗಾಜಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದರು, ಕೆಲವಕ್ಕೆ ನಡುವೆ ಕಪ್ಪು ಬೊಟ್ಟು. ಕಣ್ಣು ಕುಕ್ಕದಿರಲಿ ಎಂಬ ಸದುದ್ದೇಶ. ಆದರೆ ತಟ್ಟೆಯಿರುವ ಬಲ್ಬಿನಲ್ಲಿ ಡಿಮ್ ಬೆಳಕೆಲ್ಲ ಬರುವುದು ಮೇಲರ್ಧದಿಂದಲೇ! ಅಲ್ಲಿ ಕಪ್ಪು ಬಳಿದರೆ ಸತ್ತು ಹೋಗುವುದು ರಸ್ತೆಗೆ ಬೀಳಬೇಕಾದ ಡಿಮ್ ಬೆಳಕು. ಕುಕ್ಕುವ ಹೈ ಬೀಮ್ ಅರ್ಧದಷ್ಟು ಉಳಿದೇ ಇರುತ್ತದೆ. ಬಣ್ಣ ಬೆಳಕನ್ನು ಕಡಿಮೆ ಮಾಡೀತು, ಬಾಗಿಸಲಾರದು.

ಈಗ ಎಲ್‌ಇಡಿ ಡಬ್ಬಿಗೆ ಬರೋಣ. ನಾನು ನೋಡಿದ ಡಬ್ಬಿಯ ಮೇಲೆ 20,000 ಲ್ಯೂಮೆನ್ ಎಂದಿತ್ತು. ಪಕ್ಕದಲ್ಲೇ 40 ವಾಟ್ ಎಂದೂ ಇತ್ತು. ಬಿಳಿ ಎಲ್‌ಇಡಿ ಇಂಥ ಇಕ್ಕಟ್ಟಿನಲ್ಲಿ, ಬಿಸಿಯಲ್ಲಿ, ವಾಟಿಗೆ 100ರಿಂದ 120 ಲ್ಯೂಮೆನ್ ಕೊಟ್ಟರೆ ದೊಡ್ಡದು. ಅಂದರೆ ಹೆಚ್ಚೆಂದರೆ ನಾಲ್ಕೈದು ಸಾವಿರ. ಸಂಖ್ಯೆ ಸುಳ್ಳೆಂದು ಎರಡನೆಯ ಪಿಯುಸಿ ವಿದ್ಯಾರ್ಥಿಯೂ ಹೇಳಬಲ್ಲ. ಎಚ್-4ರ ಡಿಮ್ ತಂತು ಕೊಡುವುದು ಸುಮಾರು 1,000 ಲ್ಯೂಮೆನ್. ಹಾಗಾಗಿ ಬೆಳಕು ಹೆಚ್ಚಾಗಿದೆ ಎಂಬುದು ಮಾತ್ರ ನಿಜ. ಪ್ರಶ್ನೆ ಇರುವುದು ಅದು ಎಲ್ಲಿಗೆ ಹೋಯಿತು ಎಂಬಲ್ಲಿ.

ದರ್ಪಣದ ಸಂಗಮ ದೂರ 25 ಮಿ.ಮೀ. ಎಂದಿಟ್ಟುಕೊಳ್ಳಿ. ಬೆಳಕಿನ ಮೂಲ ಇರಬೇಕಾದ ಜಾಗದಿಂದ 1 ಮಿ.ಮೀ. ಕೆಳಗಿಳಿದರೆ ಕಿರಣ 1/25 ರೇಡಿಯನ್, ಅಂದರೆ 2.3 ಡಿಗ್ರಿ ಮೇಲೇಳುತ್ತದೆ. ಡಿಮ್ ದೀಪದ ಅಂಚುಗೆರೆಯನ್ನು ಸಾಮಾನ್ಯವಾಗಿ ಎಷ್ಟು ತಗ್ಗಿಸಿರುತ್ತಾರೆ ಗೊತ್ತೇ? ನೂರಕ್ಕೆ ಒಂದರಷ್ಟು, ಅಂದರೆ 0.57 ಡಿಗ್ರಿ. ಒಂದು ಮಿಲಿಮೀಟರಿನ ತಪ್ಪು ತಗ್ಗಿನ ನಾಲ್ಕು ಪಟ್ಟನ್ನು ನುಂಗಿಹಾಕುತ್ತದೆ. ತಂತು ಒಂದೂವರೆ ಮಿಲಿಮೀಟರು ದಪ್ಪದ ಸುರುಳಿ; ಸುತ್ತಲೂ ಬೆಳಕು ಬೀರುತ್ತದೆ. ಎಲ್‌ಇಡಿಯಲ್ಲಿ ಲೋಹದ ಹಲಗೆಯೊಂದರ ಎರಡು ಮುಖಗಳಿಗೆ ಚಿಪ್ಪುಗಳನ್ನು ಅಂಟಿಸಿರುತ್ತಾರೆ. ಹಲಗೆಯ ದಪ್ಪದ ಅರ್ಧದಷ್ಟು ದೂರಕ್ಕೆ ಪ್ರತಿ ಮುಖವೂ ಅಕ್ಷದಿಂದ ಸರಿದೇ ಇರುತ್ತದೆ. ಅದು ಎಂಥ ಒಳ್ಳೆಯ ಎಲ್‌ಇಡಿಯಾದರೂ ಸರಿ, ಆ ದರ್ಪಣ ಅದಕ್ಕಾಗಿ ಮಾಡಿದ್ದಲ್ಲ. ಕಾರ್ಖಾನೆಯಿಂದಲೇ ಎಲ್‌ಇಡಿಯೊಡನೆ ಬರುವ ಕಾರುಗಳಲ್ಲಿ ದರ್ಪಣ, ಮಸೂರ ಎಲ್ಲವೂ ಬೇರೆ. ಜರ್ಮನಿಯಲ್ಲಿ 2020ರಿಂದ ಹ್ಯಾಲೊಜನ್ ಜಾಗದಲ್ಲಿ ಹಾಕುವ ಕೆಲವು ಎಲ್‌ಇಡಿ ಬಲ್ಬುಗಳಿಗೆ ಅನುಮತಿ ಸಿಕ್ಕಿದೆ; ಅದೂ ಪರೀಕ್ಷೆ ಮಾಡಿ ನೋಡಿದ ನಿರ್ದಿಷ್ಟ ಕಾರುಗಳ ಪಟ್ಟಿಗೆ ಮಾತ್ರ.

ನಮ್ಮ ಕಾನೂನು ಏನು ಹೇಳುತ್ತದೆ? ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಲ್ಲಿ 106ನೆಯ ನಿಯಮ ಇದಕ್ಕೇ ಮೀಸಲು. ದೀಪದಿಂದ 8 ಮೀಟರು ಮುಂದೆ, ದೀಪದ ಬಲ ಅಂಚಿನಿಂದ ಅರ್ಧ ಮೀಟರು ಬಲಕ್ಕೆ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿ ಕಣ್ಣಿಟ್ಟವರಿಗೆ ಕುಕ್ಕದಂತೆ ಕಿರಣವು ಶಾಶ್ವತವಾಗಿ ಕೆಳಕ್ಕೆ ಬಾಗಿರಬೇಕು ಎಂಬುದು ಅದರ ತಾತ್ಪರ್ಯ. ಶಿವನಿಯ ಮನೆಯ ಮುಂದೆ ಅಡಿಕೆ ಒಣಗಿಸುವ ಕಣ ಇದೆ. ಮಟ್ಟಸವಾದ ನೆಲ, ಎದುರಿಗೆ ಸುಣ್ಣ ಬಳಿದ ಗೋಡೆ. ಪ್ರಯೋಗಶಾಲೆಗೆ ಇನ್ನೇನು ಬೇಕು! ಟೇಪು ಹಿಡಿದು 8 ಮೀಟರು ಅಳೆದೆವು, ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದೆವು. ದೀಪದ ಎತ್ತರ 65 ಸೆಂ.ಮೀ. ಕತ್ತಲಾದ ಮೇಲೆ ಮೊದಲು ಎಲ್‌ಇಡಿ ಹಚ್ಚಿದೆವು. ಅಂಚುಗೆರೆ ಎಂಬುದೇ ಇಲ್ಲ. ಒಂದೂವರೆ ಮೀಟರಿನ ಗುರುತಿನ ಬಳಿ ಹಿಡಿದ ದಿನಪತ್ರಿಕೆಯನ್ನು ನಾನು ಸರಾಗವಾಗಿ ಓದಿದೆ. ಹಳೆಯ ಬಲ್ಬು ಹಾಕಿದೆವು. ಗೆರೆ 57 ಸೆಂ.ಮೀ. ಎತ್ತರದಲ್ಲಿ ನೆಟ್ಟಗೆ ನಿಂತಿತು, ಮೇಲೆ ಕತ್ತಲು.

ಅಲ್ಲಿಗೆ ನಿಯಮ ಗೆದ್ದಿತು ಎಂದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಆಗ ಒಂದು ಯೋಚನೆ ಬಂತು. ಹಳೆಯ ಬಲ್ಬು ಇದ್ದ ಹಾಗೆಯೇ ಕಾರಿನ ಹಿಂದೆ ನಾಲ್ಕು ಮೂಟೆ ಅಡಿಕೆ ಹೇರಿಸಿದೆ. ಹಿಂಭಾಗ 5 ಸೆಂ.ಮೀ. ಕುಸಿಯಿತು. ಎರಡು ಗಾಲಿಗಳ ನಡುವಿನ ದೂರ 2.4 ಮೀಟರು; ಹಾಗಾಗಿ ಮೂತಿ ನೂರಕ್ಕೆ ಎರಡರಷ್ಟು ಮೇಲೆದ್ದಿತು. ಒಂದರ ತಗ್ಗು ಹೋಗಿ ಒಂದರ ಏರಾಯಿತು. ಗೋಡೆಯ ಮೇಲೆ ಗೆರೆ 74 ಸೆಂ.ಮೀ.ಗೆ ಬಂದು ನಿಂತಿತು. ನಿಯಮದ ಒಂದೂವರೆ ಮೀಟರಿಗೆ ಅದು ಇನ್ನೂ ಎಷ್ಟೋ ಕೆಳಗೆ. ನಿಯಮದ ಪ್ರಕಾರ ಕಾರು ಪಾಸು! ಆದರೆ ಅದೇ ಗೆರೆಯನ್ನು 50 ಮೀಟರು ಮುಂದಕ್ಕೆ ಎಳೆಯಿರಿ: ಸುಮಾರು 120 ಸೆಂ.ಮೀ. ಎದುರಿನ ಕಾರಿನ ಚಾಲಕನ ಕಣ್ಣು ಇರುವುದು ಸರಿಯಾಗಿ ಅಲ್ಲಿ.

ದೋಷ ಎಲ್ಲಿದೆ ನೋಡಿ. 8 ಮೀಟರಿನಲ್ಲಿ ಒಂದೂವರೆ ಮೀಟರು ಎಂದರೆ ದೀಪದಿಂದ 6 ಡಿಗ್ರಿ ಮೇಲಿನ ದಿಕ್ಕು. ರಸ್ತೆಯಲ್ಲಿ 50 ಮೀಟರು ದೂರದ ಚಾಲಕನ ಕಣ್ಣು ಇರುವುದು 0.6 ಡಿಗ್ರಿ ಮೇಲೆ. ನಿಯಮ ನೋಡುತ್ತಿರುವ ದಿಕ್ಕೇ ಬೇರೆ, ಕುಕ್ಕುವ ದಿಕ್ಕೇ ಬೇರೆ. ಜೊತೆಗೆ ಕುಕ್ಕುವುದು ಎಂದರೆ ಎಷ್ಟು ಲಕ್ಸ್ ಎಂದು ಅದು ಹೇಳುವುದಿಲ್ಲ. ಕಾರ್ಖಾನೆಯ ದೀಪಕ್ಕೆ ಮಂಜೂರಾತಿ ಕೊಡುವ ತಾಂತ್ರಿಕ ಮಾನಕಗಳಲ್ಲಿ ಈ ಸಂಖ್ಯೆಗಳು ಕಟ್ಟುನಿಟ್ಟಾಗಿವೆ. ಆದ್ದರಿಂದಲೇ ಕಾನೂನಿನ ನಿಜವಾದ ಬಲ 106ರಲ್ಲಿ ಇಲ್ಲ, ಮಂಜೂರಾದ ದೀಪವನ್ನು ಮಾರ್ಪಡಿಸಬೇಡಿ ಎಂಬ ಮಾತಿನಲ್ಲಿದೆ. ತಯಾರಕರ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಕರ್ನಾಟಕದ ಪೊಲೀಸರು 2024ರ ಜುಲೈನಲ್ಲಿ ಕಣ್ಣು ಕುಕ್ಕುವ ದೀಪಗಳ ಮೇಲೆ ರಾಜ್ಯದಾದ್ಯಂತ ಕಾರ್ಯಾಚರಣೆ ನಡೆಸಿದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಒಳ್ಳೆಯದೇ. ಆದರೆ ಹೊರೆ ಹೇರಿದ ಕಾರಿನ ಮೂತಿಯನ್ನು ರಸ್ತೆಬದಿಯಲ್ಲಿ ಯಾರೂ ಅಳೆಯುವುದಿಲ್ಲ.

ಕುಕ್ಕುವುದೆಂದರೇನು ಎಂಬುದಕ್ಕೆ ಭೌತವಿಜ್ಞಾನದಲ್ಲಿ ಉತ್ತರವಿದೆ. ಕಣ್ಣಿನ ಮಸೂರ, ದ್ರವಗಳು ಪೂರ್ತಿ ಪಾರದರ್ಶಕವಲ್ಲ. ಪ್ರಬಲ ಬೆಳಕು ಒಳಗೆ ಚದುರಿ ಇಡೀ ನೋಟದ ಮೇಲೆ ತೆಳು ಪರದೆ ಹಾಸುತ್ತದೆ. 1926ರಲ್ಲಿ ಹಾಲಡೇ ಇದನ್ನು ಅಳೆದರು. ಇಂದು ಬಳಸುವ ಸರಳ ಸೂತ್ರ ಹೀಗಿದೆ: ಕಣ್ಣಿಗೆ ಬೀಳುವ ಲಕ್ಸನ್ನು ಹತ್ತರಿಂದ ಗುಣಿಸಿ, ದೀಪ ನೋಟದ ರೇಖೆಯಿಂದ ಇರುವ ಕೋನದ (ಡಿಗ್ರಿಗಳಲ್ಲಿ) ವರ್ಗದಿಂದ ಭಾಗಿಸಿದರೆ ಪರದೆಯ ಉಜ್ವಲತೆ ಸಿಗುತ್ತದೆ. 2 ಡಿಗ್ರಿ ಪಕ್ಕದಲ್ಲಿರುವ, 50 ಮೀಟರಿನಾಚೆಯ ಸರಿಯಾದ ಡಿಮ್ ದೀಪ ಕಣ್ಣಿಗೆ 0.1 ಲಕ್ಸ್ ಕೊಟ್ಟರೆ ಪರದೆ ಚದರ ಮೀಟರಿಗೆ 0.25 ಕ್ಯಾಂಡೆಲಾ. ಅದೇ ಅಂಚುಗೆರೆ ಕೆಟ್ಟ ದೀಪ 1 ಲಕ್ಸ್ ಕೊಟ್ಟರೆ ಪರದೆ 2.5. ರಾತ್ರಿ ಬೀದಿದೀಪವಿಲ್ಲದ ರಸ್ತೆಯ ಉಜ್ವಲತೆಯೇ 1 ಕ್ಯಾಂಡೆಲಾದ ಆಸುಪಾಸು. ಪರದೆ ರಸ್ತೆಗಿಂತ ಬೆಳ್ಳಗಾಯಿತು. ಹುಲ್ಲಿನ ಹೊರೆ, ಬೈಸಿಕಲ್ಲು, ಮುದುಕ ಎಲ್ಲರೂ ಅದರ ಹಿಂದೆ ಅಡಗಿದರು. ವಯಸ್ಸಿನೊಂದಿಗೆ ಈ ಪರದೆ ದಪ್ಪವಾಗುತ್ತದೆ. ಎಪ್ಪತ್ತರಲ್ಲಿ ಅದು ಹದಿಹರೆಯದವರ ಸುಮಾರು ಎರಡರಷ್ಟು; ನನ್ನಂಥ ಐವತ್ತೈದರವನಿಗೆ ಶೇಕಡ 38ರಷ್ಟು ಹೆಚ್ಚು. ಇಪ್ಪತ್ತೈದರ ಅಳಿಯನಿಗೆ ಇದು ಅರ್ಥವಾಗದಿದ್ದರೆ ತಪ್ಪು ಅವನದಲ್ಲ.

ಅವನಿಗೆ ಹಗಲಿನ ಹಾಗೆ ಕಾಣುತ್ತಿದ್ದದ್ದು ಸುಳ್ಳೂ ಅಲ್ಲ. ಚದುರಿದ ಬೆಳಕು ಬಂಪರಿನ ಮುಂದಿನ ಹತ್ತು ಹದಿನೈದು ಮೀಟರನ್ನು ಬೆಳಗುತ್ತದೆ, ಮನಸ್ಸಿಗೆ ತೃಪ್ತಿ. ಆದರೆ ಹತ್ತಿರ ಹೆಚ್ಚು ಬೆಳಕಿದ್ದರೆ ಕಣ್ಣು ಅದಕ್ಕೇ ಹೊಂದಿಕೊಳ್ಳುತ್ತದೆ. ದೂರದ ಮಬ್ಬು ಇನ್ನಷ್ಟು ಮಬ್ಬಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ಓಡುತ್ತೇವೆ. ಆ ಹದಿನೈದು ಮೀಟರು ನೋಡಿ ಪ್ರಯೋಜನವಿಲ್ಲ.

ಇನ್ನೊಂದು ಮಾತು ಅಂಗಡಿಯವರಿಗೂ ನಮಗೂ ಸೇರಿ: ಹಳದಿ ಬೆಳಕು ಮಂಜನ್ನು ಸೀಳುತ್ತದೆ, ಏಕೆಂದರೆ ರ‍್ಯಾಲೆ ಚದುರುವಿಕೆ ಕಡಿಮೆ ಎನ್ನುತ್ತೇವೆ. ಆಕಾಶದ ನೀಲಿಯ ವಿವರಣೆಯನ್ನು ಕೆಮ್ಮಣ್ಣುಗುಂಡಿಯ ಮಂಜಿಗೆ ಅಂಟಿಸುವುದು ಸಲ್ಲದು. ಮಂಜಿನ ಹನಿ ಬೆಳಕಿನ ತರಂಗದೂರದ ಹತ್ತಾರು ಪಟ್ಟು ದೊಡ್ಡದು. ಅದು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತದೆ. ಮಂಜಿನ ದೀಪ ಉಪಯುಕ್ತವಾಗುವುದು ತಗ್ಗಿನಲ್ಲಿದ್ದು ಅಗಲಕ್ಕೆ ಹರಡುವುದರಿಂದ.

ಹಾಗಾದರೆ ಬೆಳಕು ಸಾಲದು ಎನ್ನುವವರು ಮನೆಯಲ್ಲಿ ಏನೂ ಮಾಡಬಾರದೇ? ಮಾಡಬಹುದು, ಬೇಕಾದಷ್ಟಿದೆ. ಬಲ್ಬಿನ ಕಾಲಿನಲ್ಲಿ ಮಲ್ಟಿಮೀಟರು ಇಟ್ಟು ವೋಲ್ಟೇಜು ನೋಡಿ. ಎಂಜಿನ್ ಓಡುತ್ತಿರುವಾಗ 13.2 ವೋಲ್ಟು ಸಿಗಬೇಕಾದಲ್ಲಿ ತುಕ್ಕು ಹಿಡಿದ ಅರ್ಥಿಂಗಿನಿಂದ 12 ಸಿಕ್ಕರೆ ಬೆಳಕು ಶೇಕಡ 28ರಷ್ಟು ಕಳೆದುಹೋಗುತ್ತದೆ. ತಂತುವಿನ ಬೆಳಕು ವೋಲ್ಟೇಜಿನ 3.4ನೆಯ ಘಾತದಂತೆ ಬದಲಾಗುವುದೇ ಇದಕ್ಕೆ ಕಾರಣ. ಅಳಿಯನ ಕಾರಿನಲ್ಲಿ ಆದದ್ದು ಇದೇ. ಮರಳು ಕಾಗದದಿಂದ ಅರ್ಥಿಂಗ್ ಬೋಲ್ಟನ್ನು ಉಜ್ಜಿದ ಮೇಲೆ ಅವನೇ ಬೆರಗಾದ. ಹಳದಿಗಟ್ಟಿದ ಪ್ಲಾಸ್ಟಿಕ್ ಮುಚ್ಚಳವನ್ನು ಪಾಲಿಶ್ ಮಾಡಿಸಿ. ಕರಿಹಿಡಿದ ಬಲ್ಬಿಗೆ ಅದೇ ಜಾತಿಯ, ಅಷ್ಟೇ ವಾಟಿನ ಹೊಸ ಬಲ್ಬು ಹಾಕಿ. 100/90 ವಾಟಿನದು ಬೇಡ. ಜ್ಯಾಮಿತಿ ಸರಿಯಿದ್ದರೂ 5 ಆಂಪಿಯರಿಗೆಂದು ಹಾಕಿದ ತಂತಿಯಲ್ಲಿ 8 ಹರಿದು ಹೋಲ್ಡರು ಕರಗುತ್ತದೆ. ಹೊರೆ ಹೇರಿದಾಗ ಸ್ಟಿಯರಿಂಗ್ ಬಳಿಯ ಸಣ್ಣ ಚಕ್ರವನ್ನು ತಿರುಗಿಸಿ ದೀಪ ತಗ್ಗಿಸಿ. ಬಹಳಷ್ಟು ಕಾರುಗಳಲ್ಲಿ ಅದು ಇದೆ. ಸೊನ್ನೆಯಿಂದ ಮೂರರವರೆಗೆ ಅಂಕಿ ಇರುತ್ತದೆ. ಎಷ್ಟು ಜನ ಮಾಲೀಕರಿಗೆ ಅದು ಏತಕ್ಕೆಂದು ಗೊತ್ತು?

ಶಿಕ್ಷಕರಲ್ಲಿ ಒಂದು ಕೋರಿಕೆ. ಮುಂದಿನ ಸಲ ನಿಮ್ನ ದರ್ಪಣದ ಪಾಠ ಮಾಡುವಾಗ ಉರಿದುಹೋದ ಒಂದು ಎಚ್-4 ಬಲ್ಬನ್ನು ಗ್ಯಾರೇಜಿನಿಂದ ಕೇಳಿ ತನ್ನಿ, ಬಿಟ್ಟಿ ಸಿಗುತ್ತದೆ. ಎರಡು ತಂತು ಏಕೆ, ತಟ್ಟೆ ಏಕೆ, ಅದು ಕೆಳಗೇ ಏಕೆ ಎಂದು ಮಕ್ಕಳನ್ನು ಕೇಳಿ. ಒಂದು ಅಂಕದ ಉತ್ತರ ಒಂದು ಗಂಟೆಯ ಪಾಠವಾಗುತ್ತದೆ.

ಅಳಿಯ ಹಳೆಯ ಬಲ್ಬುಗಳನ್ನೇ ಉಳಿಸಿಕೊಂಡ. ಮೂಟೆ ಹೇರಿದ ದಿನ ಚಕ್ರ ಎರಡಕ್ಕೆ ಹೋಗುತ್ತದೆ. ಕಿತ್ತ ಎಲ್‌ಇಡಿಗಳಿಗೆ ಹಳೆಯ 12 ವೋಲ್ಟಿನ ಬ್ಯಾಟರಿ ಜೋಡಿಸಿ ಅಡಿಕೆ ಸುಲಿಯುವ ಚಪ್ಪರದಲ್ಲಿ ತೂಗುಹಾಕಿದ್ದಾನೆ. ಕರೆಂಟು ಹೋದ ರಾತ್ರಿಗಳಲ್ಲಿ ಅಲ್ಲಿ ಅವು ಚೆನ್ನಾಗಿಯೇ ಉರಿಯುತ್ತವೆ.